ಬೆಣ್ಣೆ ದೋಸೆಗೆ ನಾಲ್ಕೂವರೆ ಸ್ಟಾರು, ಸರ್ವೀಸ್‌ಗೆ ಎಷ್ಟು ಹಾಕ್ಬೇಕೋ ಗೊತ್ತಾಗ್ತಿಲ್ಲ

ಮೊದ್ಲೇ ಹೇಳ್ಬಿಡ್ತೀನಿ, ಹೋಟ್ಲ ಹೆಸ್ರು ಹಾಕಲ್ಲ. ದಾವಣಗೆರೆ, ಹಳೇ ಊರಿನ ಕಡೆ, ಎಂಟೇ ಟೇಬಲ್ಲು, ಇಷ್ಟು ಸಾಕು. ಲೊಕೇಶನ್ ಕಳ್ಸಿ ಅಂತ ಕೇಳ್ಬೇಡ್ರಿ, ಯಾಕೆ ಹಾಕಲ್ಲ ಅಂತ ಓದ್ತಾ ಹೋದ್ರೆ ನಿಮ್ಗೇ ಗೊತ್ತಾಗುತ್ತೆ. ಹೆಸ್ರಿಲ್ಲದ ರಿವ್ಯೂ ಯಾರಿಗ್ ಬೇಕ್ರಿ ಅಂತ ನಮ್ಮ ಮನೆಯಾಕೆ ನಕ್ಕಳು, ಆದ್ರೂ ಬರೀದೆ ಇರಕ್ಕಾಗ್ಲಿಲ್ಲ.

ದೋಸೆ ವಿಷ್ಯ ಮೊದ್ಲು. ಸೌದೆ ಒಲೆ, ದಪ್ಪ ಕಬ್ಬಿಣದ ಹಂಚು, ಹಂಚಿನ ಮುಂದೆ ಅರವತ್ತು ದಾಟಿದ ಒಬ್ಬ ಕಾಕಾ, ಬನಿಯನ್ನು, ಹೆಗಲ ಮೇಲೆ ಟವೆಲ್ಲು. ಒಂದ್ ಸಲಕ್ಕೆ ಒಂಬತ್ತು ದೋಸೆ ಹುಯ್ತಾರೆ, ಬೆಣ್ಣೆನ ಚಮಚದಲ್ಲಿ ಅಲ್ಲ ಕೈಯಲ್ಲೇ ಕಿತ್ತು ಎಸೀತಾರೆ, ಅಳತೆ ಮಾತ್ರ ಒಂದು ಗುಲಗಂಜಿನೂ ಆಕಡೆ ಈಕಡೆ ಆಗಲ್ಲ. ಅಂಚು ಗರಿಗರಿ, ನಡುವೆ ಮೆತ್ತಗೆ, ಮುರಿದ್ರೆ ಬೆಣ್ಣೆ ಬೆರಳಿಂದ ಮುಂಗೈಗೆ ಇಳಿಯುತ್ತೆ. ಪಲ್ಯ ನಮ್ಮೂರಿನ ಪದ್ಧತಿ ಪ್ರಕಾರ ಅರಿಶಿನ ಹಾಕದ ಬಿಳೀ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ತೆಳ್ಳಗೆ, ಹಸಿಮೆಣಸಿನ್ಕಾಯಿ ಕಿವಿವರ್ಗೂ ಹೋಗುತ್ತೆ, ಎಷ್ಟು ಸಲ ಕೇಳಿದ್ರೂ ಮುಖ ಸಿಂಡರಿಸದೆ ಸುರೀತಾರೆ. ಬೆಂಗ್ಳೂರಲ್ಲಿ ಗಲ್ಲಿಗೊಂದು ದಾವಣಗೆರೆ ಬೆಣ್ಣೆ ದೋಸೆ ಬೋರ್ಡ್ ನೇತಾಡ್ತಿರುತ್ತಲ್ಲ, ಅಲ್ಲಿ ತಿಂದು ಇದೇ ಬೆಣ್ಣೆ ದೋಸೆ ಅನ್ಕೊಂಡಿರೋರು ಒಂದ್ ಸಲ ರೈಲ್ ಹತ್ತಿ ಬರ್ರಿ.

ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನೋ ತಾಯಿ 1928 ರಲ್ಲಿ ಇಲ್ಲಿ ರಾಗಿ ದೋಸೆ ಮಾರೋಕೆ ಕೂತಿದ್ದು, ಆಮೇಲೆ ಅವರ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ರುಬ್ಬಿ ಈಗಿನ ದೋಸೆ ಮಾಡಿದ್ದು ಅಂತ ಊರಲ್ಲಿ ಹೇಳೋ ಕತೆ. ಮಂಡಕ್ಕಿ ಬೀಳದೆ ಆ ಮೆತ್ತಗಿನ ಗುಣ ಬರಲ್ಲ, ಅದು ಗುಟ್ಟೇನಲ್ಲ.

ಮಂಡಕ್ಕಿ ವಿಷ್ಯ ನಂಗೆ ಸ್ವಲ್ಪ ಜಾಸ್ತಿನೇ ಗೊತ್ತು ಬಿಡ್ರಿ. ಐದನೇ ಕ್ಲಾಸಿಂದ ಏಳನೇ ಕ್ಲಾಸ್ ವರ್ಗೂ ಶಾಲೆಗೆ ಮುಂಚೆ, ಶಾಲೆ ಬಿಟ್ಮೇಲೆ ಮಂಡಕ್ಕಿ ಭಟ್ಟಿಲಿ ಕೆಲ್ಸ ಮಾಡ್ದೋನು ನಾನು. ಕಾದ ಮರಳಲ್ಲಿ ಅಕ್ಕಿ ಹುರಿಯೋದು ದೊಡ್ಡೋರ ಕೆಲ್ಸ, ನಮ್ಮಂತ ಹುಡುಗ್ರದ್ದು ಹೊಟ್ಟು ಹೊತ್ತು ತಂದು ಒಲೆ ಬಾಯಿಗೆ ಸುರಿಯೋದು, ಜರಡಿ ಹಿಡಿಯೋದು, ಚೀಲ ಹಿಡ್ಕೊಂಡು ನಿಲ್ಲೋದು. ಆಗ ಹಳೇ ಟೈರ್ ಚೂರೂ ಒಲೆಗೆ ಹಾಕೋರು, ಆ ಹೊಗೆ ಎಷ್ಟು ಸೋಪ್ ಹಚ್ಚಿದ್ರೂ ಅಂಗಿ ಬಿಟ್ಟು ಹೋಗ್ತಿರ್ಲಿಲ್ಲ. ಕ್ಲಾಸಲ್ಲಿ ಪಕ್ಕದಲ್ಲಿ ಕೂತೋನು ಅರ್ಧ ಗೇಣು ಜರುಗಿ ಕೂರೋನು. ಒಬ್ರು ಮೇಷ್ಟ್ರು ಹಾಜರಿ ಕೂಗೋವಾಗ ನನ್ನ ಹೆಸ್ರು ಬದ್ಲು "ಮಂಡಕ್ಕಿ" ಅನ್ನೋರು. ಪ್ರೀತಿಗೇ ಅಂತಿದ್ರೋ ಏನೋ, ಕೆಟ್ಟ ಮನುಷ್ಯ ಏನಲ್ಲ ಅವ್ರು. ಇಡೀ ಕ್ಲಾಸು ಗೊಳ್ ಅಂತ ನಗೋದು, ಹಾಜರ್ ಸಾರ್ ಅಂತ ನಾನೂ ನಗ್ತಾನೇ ಹೇಳ್ತಿದ್ದೆ, ನಗದೆ ಇದ್ರೆ ಇನ್ನೂ ಜಾಸ್ತಿ ಕಾಡಿಸ್ತಾರಲ್ಲ ಅದಕ್ಕೆ.

ಈಗ ನಾನೇ ಮೇಷ್ಟ್ರು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಆರನೇ ಕ್ಲಾಸಿಗೆ ಗಣಿತ. ಇದು ಹೇಳಿದ್ದು ಯಾಕಂದ್ರೆ ಮುಂದಿನ ವಿಷ್ಯಕ್ಕೆ ಬೇಕು.

ಈ ಹೋಟ್ಲಿಗೆ ಹೋಗಿದ್ದೇ ಆನ್‌ಲೈನ್ ರಿವ್ಯೂ ನೋಡಿ. ದೋಸೆ ಬಗ್ಗೆ ಬರ್ದೋರು ಎಷ್ಟು ಜನ ಇದ್ರೋ ಸರ್ವೀಸ್ ಬಗ್ಗೆ ಬರ್ದೋರೂ ಅಷ್ಟೇ ಜನ. ಒಬ್ರು ಬರ್ದಿದ್ರು, ಪುಟ್ಟ ಹುಡ್ಗ ಒಬ್ಬ ಇದಾನೆ, ಸಖತ್ ಫಾಸ್ಟು, ಬರ್ಕೊಳೋದೇ ಇಲ್ಲ ಎಲ್ಲಾ ತಲೇಲಿ ಇಟ್ಕೊತಾನೆ, ಐದು ಸ್ಟಾರ್ ಅವ್ನಿಗೆ ಅಂತ. ಅದ್ರ ಕೆಳಗೆ ಇನ್ನೊಬ್ರು ಕ್ಯೂಟ್ ಅಂತ ಹಾರ್ಟ್ ಬೇರೆ ಹಾಕಿದ್ರು. ಓದಿ ಮುಂದಕ್ಕೆ ಹೋದೆ, ನಾನೂ ಅಷ್ಟೇ, ಏನೂ ಅನ್ನಿಸ್ಲಿಲ್ಲ. ದೋಸೆ ಮೇಲೆ ಇತ್ತು ಗಮನ.

ಜುಲೈ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟೂವರೆ, ನಾನು, ಮನೆಯಾಕೆ, ಮಗಳು. ನಿಂತು ಕಾದು ಜಾಗ ಹಿಡ್ದು ಕೂತ್ವಿ. ಮೂಲೆ ಟೇಬಲ್ಲಿಂದ ಒಂದು ದನಿ, "ಐದನೇ ಟೇಬಲ್ ಎರ್ಡು ಬೆಣ್ಣೆ ಒಂದು ಓಪನ್ ಒಂದು ಖಾಲಿ ಎರ್ಡು ಟೀ, ಮೂರನೇದು ನಾಲ್ಕು ಬೆಣ್ಣೆ, ಒಂದ್ರಲ್ಲಿ ಬೆಣ್ಣೆ ಕಮ್ಮಿ, ಅಜ್ಜಿಗೆ", ಕಾಕಾ ತಿರುಗಿ ನೋಡದೆ ಹೂಂ ಅಂದ್ರು. ಐದನೇ ಟೇಬಲ್ಲಿನವ್ರು ಏಳೋ ಹೊತ್ತಿಗೆ ಅದೇ ದನಿ, "ಇನ್ನೂರ ಐವತ್ತೊಂಬತ್ತು." ಅವ್ರು ಐನೂರರ ನೋಟು ತೆಗೆದ್ರು, ನೋಟು ಇನ್ನೂ ಕೈ ಬದಲಾಗಿಲ್ಲ, "ಇನ್ನೂರ ನಲ್ವತ್ತೊಂದು ವಾಪಸ್" ಅಂದ. ಬೆಣ್ಣೆ ಅರವತ್ತು, ಓಪನ್ ಅರವತ್ತೈದು, ಖಾಲಿ ಐವತ್ತು, ಟೀ ಹನ್ನೆರಡು. ನಾನು ಗೋಡೆ ಮೇಲಿನ ರೇಟ್ ನೋಡಿ ಮನಸಲ್ಲೇ ಕೂಡಿ ನೋಡ್ದೆ, ಸರಿ ಇತ್ತು, ಗಣಿತ ಮೇಷ್ಟ್ರಿಗೆ ಅವ್ನಿಗಿಂತ ಜಾಸ್ತಿ ಟೈಮ್ ಹಿಡೀತು.

ಒಂದು ಕೈಲಿ ಬಕೆಟ್ಟು, ಭುಜದ ಮೇಲೆ ಒದ್ದೆ ಬಟ್ಟೆ, ನಡಿಗೆ ಹೆಂಗಿತ್ತು ಅಂದ್ರೆ ಮದುವೆ ಮನೇಲಿ ಊಟದ ಪಂಕ್ತಿ ಮಧ್ಯೆ ಮನೆ ಯಜಮಾನ ಓಡಾಡ್ತಾನಲ್ಲ ಹಂಗೆ. ನಮ್ಮ ಟೇಬಲ್ ಹತ್ರ ಬಂದ, ಏನ್ ಕೊಡ್ಲಿ ಅಂತ ಬಾಯಿ ತೆಗೆದ, ನನ್ನ ಮುಖ ನೋಡ್ದ.

ನಮ್ಮ ಕ್ಲಾಸಿನ ಹುಡ್ಗ. ಕೊನೇ ಬೆಂಚು, ಕಿಟಕಿ ಪಕ್ಕ.

ಏನಾಯ್ತು ಅಂತ ಹೇಳೋದು ಕಷ್ಟ. ಎರಡು ಸೆಕೆಂಡಲ್ಲಿ ಆ ಯಜಮಾನ ಎಲ್ಲೋ ಹೋಗಿ ನಂಗೆ ದಿನಾ ಕಾಣೋ ಹುಡ್ಗ ನಿಂತಿದ್ದ, ಭುಜ ಒಳಗೆ ಎಳ್ಕೊಂಡು, ಕಣ್ಣು ನೆಲ ನೋಡ್ತಾ, ಕೈ ಬೆನ್ನ ಹಿಂದೆ. ಕೊನೆಗೆ ಆರ್ಡರ್ ತಗೊಂಡಿದ್ದು ಬೇರೆಯೋರು. ಆಮೇಲೆ ಅವ್ನು ನಮ್ಮ ಕಡೆ ಬರ್ಲೇ ಇಲ್ಲ, ಒಳಗೆ ಪಾತ್ರೆ ತೊಳಿಯೋ ಕಡೆ ಹೋಗಿಬಿಟ್ಟ. ಕೆಲ್ಸದಿಂದ ಮಕ್ಕಳ ಮನಸು ಕುಗ್ಗುತ್ತೆ ಅಂತ ಟ್ರೈನಿಂಗಲ್ಲಿ ಕೇಳಿ ಕೇಳಿ ಸಾಕಾಗಿತ್ತು ನಂಗೆ, ಇಲ್ಲಿ ನೋಡಿದ್ರೆ ಬಕೆಟ್ ಹಿಡ್ಕೊಂಡಾಗ ನೆಟ್ಟಗಿದ್ದೋನು ನನ್ನನ್ನ ನೋಡಿ ಕುಗ್ಗಿದ. ಬೆಣ್ಣೆ ದೋಸೆ ಬಂತು, ತಿಂದ್ವಿ, ರುಚಿ ಮೇಲೆ ಹೇಳಿದಂಗೆ. ನಾನು ಅರ್ಧ ಬಿಟ್ಟೆ.

ಆ ವಾರದ ಹಿಂದಿನ ಗುರುವಾರನೇ ಇದೇ ಹುಡ್ಗನ್ನ ಬೋರ್ಡಿಗೆ ಕರ್ದಿದ್ದೆ. ಐನೂರರಲ್ಲಿ ಇನ್ನೂರ ಅರವತ್ತೆಂಟು ಕಳಿ ಅಂತ. ಸೊನ್ನೆ ಇದ್ರೆ ದಶಕದಿಂದ ಸಾಲ, ದಶಕದಲ್ಲೂ ಸೊನ್ನೆ ಇದ್ರೆ ಶತಕದಿಂದ ಸಾಲ, ಅದೆಲ್ಲ ಮೇಲೆ ಸಣ್ಣ ಅಕ್ಷರದಲ್ಲಿ ಬರೀಬೇಕಲ್ಲ, ಅವ್ನು ಸೀಮೆಸುಣ್ಣ ಹಿಡ್ಕೊಂಡು ನಿಂತ, ನಿಂತ, ನಿಂತೇ ಇದ್ದ. "ರಾತ್ರಿ ಯಾವ ಊರಿಗೆ ಹೋಗಿದ್ದೆಪ್ಪ, ನಿಂತಲ್ಲೇ ನಿದ್ದೆ ಹೊಡೀತಿ" ಅಂದೆ. ಕ್ಲಾಸು ನಕ್ಕಿತು. ಹೌದು, ನಾನೇ ಅಂದಿದ್ದು.

ಬ್ರೆಜಿಲಿನ ರೆಸಿಫೆ ಅನ್ನೋ ಊರಲ್ಲಿ ಬೀದಿಲಿ ಎಳನೀರು ಹಣ್ಣು ಮಾರೋ ಮಕ್ಕಳ ಮೇಲೆ 1985 ರಲ್ಲಿ ಬಂದ ಒಂದು ಅಧ್ಯಯನ ಇದೆ, ಬಿ.ಎಡ್ ಮಾಡಿರೋರಿಗೆ ನೆನಪಿರ್ಬಹುದು. ಐದೇ ಮಕ್ಕಳು, ವ್ಯಾಪಾರ ಮಾಡ್ತಾ ಮಾಡ್ತಾ ಕೇಳಿದ ಲೆಕ್ಕದಲ್ಲಿ ನೂರಕ್ಕೆ 98 ಸರಿ, ಅದೇ ಲೆಕ್ಕನ ಪೇಪರ್ ಮೇಲೆ ಬರೀ ಅಂಕಿಯಾಗಿ ಕೊಟ್ರೆ 37. ನಮ್ಮ ದೇಶದ್ದೇ ಬೇಕು ಅಂದ್ರೆ, ನೊಬೆಲ್ ಬಂದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ತಂಡ ಕೋಲ್ಕತ್ತ ದೆಹಲಿ ಮಾರ್ಕೆಟಲ್ಲಿ ಕೆಲ್ಸ ಮಾಡೋ ಮಕ್ಕಳನ್ನ ಇಟ್ಕೊಂಡು ಮಾಡಿದ್ದು 2025 ರಲ್ಲಿ ಬಂತು, ಅಲ್ಲೂ ಇದೇ ಕತೆ, ಅಂಗಡೀಲಿ ಬರೋ ಲೆಕ್ಕ ಸ್ಲೇಟಲ್ಲಿ ಬರಲ್ಲ. ಶಾಲೆಗೆ ಮಾತ್ರ ಹೋಗೋ ಮಕ್ಕಳಿಗೆ ಉಲ್ಟಾ, ಸ್ಲೇಟಲ್ಲಿ ಬರೋದು ಅಂಗಡೀಲಿ ತಡವರಿಸುತ್ತೆ. ವ್ಯತ್ಯಾಸ ಏನಪ್ಪಾ ಅಂದ್ರೆ ಆ ಮಕ್ಕಳಿಗೆ ಯಾರೂ ದಡ್ಡ ಅನ್ನಲ್ಲ. ಮಾರ್ಕ್ಸ್ ಕಾರ್ಡ್ ಕೊಡೋದು ನಾವು, ಅಂಗಡಿಯೋರಲ್ಲ.

ಬಿಲ್ ಕೊಡೋವಾಗ ಗಲ್ಲಾ ಮೇಲಿನ ಯಜಮಾನ್ರನ್ನ ಕೇಳ್ದೆ, ಆ ಹುಡ್ಗ ಯಾರ್ರಿ ಅಂತ. ರೆಡಿ ಉತ್ತರ. "ನಮ್ಮಕ್ಕನ ಮಗ ಸಾರ್, ರಜಾ ದಿನ ಬಂದು ಕೈ ಜೋಡಿಸ್ತಾನೆ." ತಲೆ ಮೇಲೆ ಬೋರ್ಡಿತ್ತು, ಇಲ್ಲಿ ಬಾಲಕಾರ್ಮಿಕರು ಇಲ್ಲ ಅಂತ, ಕೆಂಪಕ್ಷರದಲ್ಲಿ. ಅಕ್ಕನ ಮಗ ಅನ್ನೋ ಮಾತು ಸುಮ್ನೆ ಬಾಯಿಗೆ ಬಂದಿದ್ದಲ್ಲ ನೋಡ್ರಿ. 1986 ರ ಬಾಲಕಾರ್ಮಿಕ ಕಾಯ್ದೆಗೆ 2016 ರಲ್ಲಿ ತಿದ್ದುಪಡಿ ಬಂತಲ್ಲ, ಹದಿನಾಲ್ಕು ವರ್ಷದೊಳಗಿನೋರನ್ನ ಯಾವ ಕೆಲಸಕ್ಕೂ ಇಟ್ಕೋಬಾರ್ದು ಅಂತ ಆಯ್ತು, ಅದರಲ್ಲೇ ಒಂದು ಕಿಂಡಿನೂ ಬಿಟ್ರು, ಶಾಲೆ ಅವಧಿ ಬಿಟ್ಟು ಮತ್ತೆ ರಜೆಲಿ ಸ್ವಂತ ಕುಟುಂಬದ ಕಸುಬಿಗೆ ಸಹಾಯ ಮಾಡ್ಬಹುದು, ಅಪಾಯದ ಕೆಲ್ಸ ಆಗಿರಬಾರ್ದು ಅಷ್ಟೇ. ಕುಟುಂಬ ಅಂದ್ರೆ ಬರೀ ಅಪ್ಪ ಅಮ್ಮ ಅಣ್ಣ ತಂಗಿ ಅಲ್ಲ, ಅಪ್ಪನ ಒಡಹುಟ್ಟಿದೋರು ಅಮ್ಮನ ಒಡಹುಟ್ಟಿದೋರೂ ಸೇರ್ತಾರೆ. ಅಂದ್ರೆ ಸೋದರಮಾವನ ಹೋಟ್ಲು ನಡೆಯುತ್ತೆ. ಹೋಟ್ಲು ಢಾಬಾಗಳಲ್ಲಿ ಮಕ್ಕಳ ಕೆಲ್ಸನ 2006 ರಲ್ಲೇ ನಿಷೇಧ ಮಾಡಿದ್ರು, ಈಗ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲಾಂದ್ರೆ ಇಪ್ಪತ್ತರಿಂದ ಐವತ್ತು ಸಾವಿರ ದಂಡ, ಎರಡೂ ಬೇಕಾದ್ರೂ ಆಗ್ಬಹುದು, ಆದ್ರೆ ದಾವಣಗೆರೆಲಿ ಅಕ್ಕನ ಮಕ್ಕಳಿಗೆ ಬರ ಇಲ್ಲ. ಹುಡ್ಗನ ಅಮ್ಮನ್ನ ಅಡ್ಮಿಶನ್ ದಿನ ನೋಡಿದ್ನಲ್ಲ ನಾನು, ಗಲ್ಲಾ ಮೇಲಿನೋರಿಗೂ ಅವರಿಗೂ ಊರೇ ಬೇರೆ.

ಈಗ ನಾನು ಮಾಡಿದ ಘನಂದಾರಿ ಕೆಲ್ಸ ಕೇಳ್ರಿ. ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗೋ ದಾರಿ ಪೂರ್ತಿ ಯೋಚ್ನೆ ಮಾಡ್ಕೊಂಡು ಹೋದೆ, ಈ ಹುಡ್ಗನಿಗೆ ಧೈರ್ಯ ತುಂಬ್ಬೇಕು, ಅವ್ನ ಲೆಕ್ಕದ ಬುದ್ಧಿ ಕ್ಲಾಸಿಗೆಲ್ಲ ಗೊತ್ತಾಗ್ಬೇಕು ಅಂತ. ಹೋಗಿ ಎಲ್ಲರ ಮುಂದೆ ಎಬ್ಬಿಸಿ, "ಎರಡು ಬೆಣ್ಣೆ, ಒಂದು ಓಪನ್, ಒಂದು ಖಾಲಿ, ಎರಡು ಟೀ ಎಷ್ಟಾಗುತ್ತೆ ಹೇಳಪ್ಪ, ಇವನ ಹಂಗೆ ಲೆಕ್ಕ ಮಾಡೋರು ಈ ಕ್ಲಾಸಲ್ಲೇ ಇಲ್ಲ" ಅಂದೆ. ಹೊಗಳಿದ್ದೇ ಕಣ್ರಿ ಅದು. ಕ್ಲಾಸು ಒಂದ್ ಕ್ಷಣ ಸುಮ್ನಿತ್ತು, ಆಮೇಲೆ ಹಿಂದಿನ ಸಾಲಿಂದ ಯಾರೋ "ಸಪ್ಲೈಯರ್ರೇ, ಒಂದು ನೀರು" ಅಂದ. ಅವ್ನು ಉತ್ತರ ಹೇಳ್ಲಿಲ್ಲ. ಕೂತ್ಕೋ ಅಂದೆ, ಕೂತ. ಮಂಗಳವಾರ ಬರ್ಲಿಲ್ಲ, ಬುಧವಾರ ಬರ್ಲಿಲ್ಲ, ಗುರುವಾರ ಬರ್ಲಿಲ್ಲ. ಇದಕ್ಕೂ ಮುಂಚೆ, ಜೂನ್ 12 ರಂದು ಬಾಲಕಾರ್ಮಿಕ ವಿರೋಧಿ ದಿನ ಅಂತ ಜಾಥಾ ಮಾಡಿಸಿದ್ವಿ, ಆ ಹೋಟ್ಲಿರೋ ರಸ್ತೇಲೇ ಹೋಗಿದ್ದು, ಅವ್ನು ಕೈಲಿದ್ದ ಫಲಕನ ಮುಖಕ್ಕೆ ಅಡ್ಡ ಹಿಡ್ಕೊಂಡಿದ್ದ, ಬಿಸಿಲಿಗೆ ಹಿಡ್ಕೊಂಡಿದಾನೆ ಅನ್ಕೊಂಡು ನನ್ನ ಟೋಪಿ ತೆಗೆದು ಅವ್ನ ತಲೆಗೆ ಹಾಕಿದ್ದೆ. ಯಾಕೆ ಅಡ್ಡ ಹಿಡ್ದಿದ್ದ ಅಂತ ಈಗ ಗೊತ್ತಾಯ್ತಲ್ಲ ನಂಗೆ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಹೋದೆ ಹೋಟ್ಲಿಗೆ, ಒಬ್ನೇ. ಇನ್ನೂ ಜನ ಇಲ್ಲ, ಕಾಕಾ ಹಂಚಿಗೆ ಈರುಳ್ಳಿ ತಿಕ್ತಿದ್ರು. ಹುಡ್ಗ ಇದ್ದ, ನನ್ನ ನೋಡಿ ದೂರದ ಟೇಬಲ್ ಒರೆಸೋಕೆ ಹೋದ. ನಾನು ಒಲೆ ಹತ್ರನೇ ಕೂತೆ. ಮೇಷ್ಟ್ರು ಅಂತ ಗೊತ್ತಾಗಿತ್ತು ಅನ್ಸುತ್ತೆ ಕಾಕಾಗೆ.

"ಚಲೋ ಹುಡ್ಗ ಮೇಷ್ಟ್ರೆ. ಇವ್ನು ಇಲ್ಲ ಅಂದ್ರೆ ಭಾನುವಾರ ನಮ್ಮ ಅಂಗಡಿ ನಡ್ಯಲ್ಲ ನೋಡ್ರಿ" ಅಂದ್ರು, ಜೋರಾಗೇ ಅಂದ್ರು. ಹುಡ್ಗ ಆ ಕಡೆ ಮುಖ ಮಾಡಿದ್ದ, ಆದ್ರೆ ಒರೆಸಿದ ಟೇಬಲ್ಲನ್ನೇ ಮೂರನೇ ಸಲ ಒರೆಸ್ತಿದ್ದ.

"ಚುರುಕು ಇದಾನೆ" ಅಂದೆ.

"ನಾನೂ ಚುರುಕೇ ಇದ್ದೆ ಮೇಷ್ಟ್ರೆ" ಅಂದ್ರು ಕಾಕಾ. "ಇವನ ವಯಸ್ಸಿಗೇ ಬಂದಿದ್ದು ನಾನು ಈ ಲೈನಿಗೆ. ಎಲ್ಲಾರೂ ಹಿಂಗೇ ಅನ್ನೋರು." ಅಷ್ಟು ಹೇಳಿ ಹಂಚಿಗೆ ನೀರು ಚಿಮುಕಿಸಿದ್ರು, ಚುಂಯ್ ಅಂತು. ಸಂಬಳದ ಪುಸ್ತಕಕ್ಕೆ ಅವರು ಇವತ್ತಿಗೂ ಹೆಬ್ಬೆಟ್ಟೇ ಒತ್ತೋದು ಅಂತ ಆಮೇಲೆ ತಿಳೀತು.

ಏಳು ಗಂಟೆಗೆ ಜನ ಬರೋಕೆ ಶುರು. ಒಬ್ರು ಇಸ್ತ್ರಿ ಅಂಗಿಯೋರ ಮೇಲೆ ಎರಡು ಹನಿ ಚಟ್ನಿ ಬಿತ್ತು, "ಏ ಲೇ, ಕಣ್ ಕಾಣ್ಸಲ್ವೇನೋ ನಿಂಗೆ" ಅಂತ ಇಡೀ ಹೋಟ್ಲಿಗೆ ಕೇಳೋ ಹಂಗೆ ಕೂಗಿದ್ರು. ಹುಡ್ಗನ ಮುಖದಲ್ಲಿ ಏನೂ ಇಲ್ಲ, ಬಟ್ಟೆ ತಂದು ಒರೆಸಿದ. ಗಲ್ಲಾದಿಂದ ಯಜಮಾನ್ರು "ಪುಟ್ಟಾ, ನೋಡ್ಕೊಂಡ್ ಮಾಡೋ" ಅಂದ್ರು. ಪುಟ್ಟ ಅನ್ನೋದು ಅವ್ನ ಹೆಸ್ರಲ್ಲ. ಅಲ್ಲಿ ಕೆಲ್ಸ ಮಾಡೋ ಯಾರಿಗೂ ಅವ್ನ ಹೆಸ್ರು ಗೊತ್ತಿಲ್ಲ, ಅವನಿಗಿಂತ ಮುಂಚೆ ಇದ್ದೋನೂ ಪುಟ್ಟನೇ ಆಗಿದ್ದನಂತೆ.

ಎಂಟು ಗಂಟೆಗೆ ಕೈ ತೊಳಿಯೋ ನಲ್ಲಿ ಹತ್ರ ಸಿಕ್ಕ. ಏನ್ ಮಾತಾಡ್ಬೇಕು ಅಂತ ಗೊತ್ತಾಗದೆ, ತಪ್ಪಾಯ್ತು ಕಣಪ್ಪ, ಕ್ಲಾಸಲ್ಲಿ ಹಂಗೆ ಕೇಳ್ಬಾರ್ದಿತ್ತು ಅಂದೆ. ಮಕ್ಕಳಿಗೆ ಸಾರಿ ಕೇಳಿ ಅಭ್ಯಾಸ ಇಲ್ಲ ನಂಗೆ, ಅವ್ನಿಗೂ ಕೇಳಿಸ್ಕೊಂಡು ಅಭ್ಯಾಸ ಇಲ್ಲ, ಇಬ್ರೂ ನಲ್ಲಿ ನೋಡ್ಕೊಂಡು ನಿಂತ್ವಿ. ಆಗ ನೋಡಿದ್ದು ಅವ್ನ ಕೈ. ಬೆರಳ ಸಂದಿ ಎಲ್ಲಾ ಬೆಳ್ಳಗೆ ನೆನೆದು ಚರ್ಮ ಸುಲಿದಿತ್ತು, ಎರಡು ಉಗುರಿನ ಬುಡ ಕೆಂಪಗೆ ಊದಿತ್ತು, ಸೋಪಿನ ನೀರು, ಪಾತ್ರೆ ಬೂದಿ. ಕ್ಲಾಸಲ್ಲಿ ಈ ಹುಡ್ಗ ಕೈ ಎತ್ತಲ್ಲ ಅಂತ ಎರಡು ತಿಂಗಳಿಂದ ನೋಡ್ತಿದ್ದೆ, ಉತ್ತರ ಗೊತ್ತಿಲ್ಲ ಅದಕ್ಕೆ ಎತ್ತಲ್ಲ ಅಂತ ಬರ್ಕೊಂಡಿದ್ದೆ ಕೂಡ, ಕಲಿಕಾ ಮಟ್ಟದ ಪಟ್ಟಿಲಿ.

ಅವ್ನೇ ಮಾತು ತೆಗೆದ. "ಸಾರ್, ನನ್ ಬಗ್ಗೆ ಫೋನಲ್ಲಿ ಬರ್ದಿದಾರೆ, ನೋಡಿದ್ರಾ" ಅಂದ. ಯಜಮಾನ್ರು ಒಂದಿನ ರಿವ್ಯೂ ತೋರ್ಸಿದ್ರಂತೆ. ಇಂಗ್ಲಿಷಿನದು ಓದಕ್ಕಾಗ್ಲಿಲ್ಲ, ಕನ್ನಡದ್ದು ಒಂದಿತ್ತು, ಅದನ್ನ ಕೂಡಿಸ್ಕೊಂಡು ಕೂಡಿಸ್ಕೊಂಡು ಓದಿದನಂತೆ. ನಂಗೆ ಬಾಯಿಪಾಠ ಒಪ್ಪಿಸ್ದ, ಬರ್ಕೊಳೋದೇ ಇಲ್ಲ ಎಲ್ಲಾ ತಲೇಲಿ ಇಟ್ಕೊತಾನೆ ಅಂತ. ಒಂದಕ್ಷರ ತಪ್ಪಿಲ್ಲ. ಆರು ವರ್ಷ ಶಾಲೆಗೆ ಬಂದಿದಾನೆ, ಅವ್ನ ಬಗ್ಗೆ ಒಳ್ಳೇದು ಅಂತ ಅಕ್ಷರದಲ್ಲಿ ಬರ್ದಿದ್ದು ಅವ್ನು ಓದಿರೋದು ಅದೊಂದೇ.

ಹೋಟ್ಲ ಹೆಸ್ರು ಹಾಕದೆ ಇರೋದಕ್ಕೆ ಇದೇ ಕಾರಣ. ಆ ಪೇಜಲ್ಲಿ ಹೋಗಿ, ಇಲ್ಲಿ ಮಕ್ಕಳನ್ನ ದುಡಿಸ್ತಾರೆ, ಒಂದು ಸ್ಟಾರ್ ಅಂತ ನಾನು ಕನ್ನಡದಲ್ಲಿ ಬರೆದ್ರೆ ಮೊದ್ಲು ಓದೋದು ಅವ್ನು.

ಆದ್ರೆ ಬರೀದೆ ಬಿಟ್ಟೆ ಅಂತ ಮಾಡದೆ ಬಿಡೋಕೂ ಆಗಲ್ಲವಲ್ಲ, ಮೇಷ್ಟ್ರು ಅಂದ್ಮೇಲೆ. ನಂಗೆ ಭಯ ಇದ್ದಿದ್ದು ಅಧಿಕಾರಿಗಳ ರೇಡ್ ಬಗ್ಗೆ. ಕೆಲವು ವರ್ಷದ ಹಿಂದೆ ಬೇರೆ ಊರಲ್ಲಿ ಇದ್ದಾಗ ಒಂದು ಗ್ಯಾರೇಜಲ್ಲಿ ಸಿಕ್ಕ ಹುಡ್ಗನ ಫೋಟೊ ವಾಟ್ಸಾಪ್ ಗ್ರೂಪಲ್ಲೆಲ್ಲ ಓಡಾಡಿತ್ತು, ಮುಖ ಮಬ್ಬು ಮಾಡಿದ್ರು, ಆದ್ರೆ ಹಾಕ್ಕೊಂಡಿದ್ದು ಶಾಲೆ ಯೂನಿಫಾರಂ ಚಡ್ಡಿ, ಮಾರನೇ ದಿನ ಇಡೀ ಶಾಲೆಗೆ ಗೊತ್ತು. 2015 ರ ಬಾಲನ್ಯಾಯ ಕಾಯ್ದೇಲಿ ಮಕ್ಕಳ ಗುರುತು ಬಿಟ್ಟುಕೊಡೋದು ಅಪರಾಧ ಅಂತ ಸ್ಪಷ್ಟವಾಗಿದೆ, ಫಾರ್ವರ್ಡ್ ಮಾಡೋರು ಯಾರು ಕಾಯ್ದೆ ಓದ್ತಾರೆ. ಆ ಹುಡ್ಗ ಟಿ.ಸಿ ತಗೊಂಡು ಹೋದ.

ನಮ್ಮ ರಾಜ್ಯದಲ್ಲೇ 1990 ರಲ್ಲಿ ಕೆಲ್ಸ ಮಾಡೋ ಮಕ್ಕಳು ಸೇರಿ ಭೀಮ ಸಂಘ ಅಂತ ಕಟ್ಕೊಂಡಿದ್ರು, ನಮ್ಮ ವಿಷ್ಯ ತೀರ್ಮಾನ ಮಾಡೋವಾಗ ನಮ್ಮನ್ನೂ ಕೇಳ್ರಿ ಅನ್ನೋದು ಅವರ ಮಾತು, ಕುಂದಾಪುರ ಕಡೆ ಮಕ್ಕಳ ಪಂಚಾಯ್ತಿ ಆಗಿದ್ದಕ್ಕೂ ಅದೇ ಬೇರು. ಟ್ರೈನಿಂಗಲ್ಲಿ ಕೇಳಿದಾಗ ಚಿಕ್ಕ ಮಕ್ಕಳಿಗೇನ್ ಕೇಳೋದು ಅಂತ ನಾನು ಪಕ್ಕದೋರ ಜೊತೆ ಹರಟೆ ಹೊಡೀತಿದ್ದೆ. ಈ ಸಲ ಕೇಳ್ದೆ. ಅವ್ನು ಹೇಳಿದ್ದು ಎರಡೇ, ಅಮ್ಮನ್ನ ಬೈಬೇಡಿ, ಶಾಲೇಲಿ ಹೇಳ್ಬೇಡಿ.

ಮನೆಗೆ ಹೋದೆ. ಅಪ್ಪ ಹಮಾಲಿ ಮಾಡ್ತಿದ್ದೋನು ಬೆನ್ನು ಹಿಡ್ಕೊಂಡು ಮಲಗಿ ವರ್ಷದ ಮೇಲಾಗಿದೆ, ಅಮ್ಮ ನಾಲ್ಕು ಮನೆ ಕೆಲ್ಸ. ಹುಡ್ಗನಿಗೆ ದಿನಕ್ಕೆ ನೂರೈವತ್ತು ರೂಪಾಯಿ ಮತ್ತೆ ತಿಂಡಿ, ಬೆಳಿಗ್ಗೆ ಐದೂವರೆಯಿಂದ ಒಂಬತ್ತು, ಭಾನುವಾರ ಮಧ್ಯಾಹ್ನದವರ್ಗೂ. "ನನ್ ಮಗ ಮನೆ ನಡೆಸ್ತಾನೆ ಸಾರ್" ಅಂದ್ರು ಅವರಮ್ಮ, ಹೆಮ್ಮೇನೂ ಇತ್ತು ಕಣ್ಣಲ್ಲಿ ನೀರೂ ಇತ್ತು, ನಾನೇನ್ ಹೇಳ್ಲಿ. ನಮ್ಮಮ್ಮನೂ ಭಟ್ಟಿ ದುಡ್ಡು ತಗೊಳೋವಾಗ ಹಿಂಗೇ ಅನ್ನೋಳು.

ಕೊನೆಗೆ ಮಕ್ಕಳ ಸಹಾಯವಾಣಿ 1098 ಕ್ಕೆ ಫೋನ್ ಮಾಡ್ದೆ. ಸರ್ವೀಸ್ ರಿವ್ಯೂ ಅಂತ ಒಂದು ಬರೀಬೇಕು ಅಂದ್ರೆ ಇದಕ್ಕೇ ಬರೀಬೇಕು, ನಂಬರ್ ಫ್ರೀ, ರಾತ್ರಿ ಹಗಲು ಇರುತ್ತೆ, 1996 ರಲ್ಲಿ ಮುಂಬೈಲಿ ಶುರುವಾಗಿದ್ದು. ಎತ್ತಿದ ಹೆಣ್ಮಗಳು ಮೊದ್ಲು ಕೇಳಿದ್ದು ಹುಡ್ಗ ಈಗ ಹುಷಾರಿದಾನಾ ಅಂತ, ಹೋಟ್ಲ ಹೆಸ್ರು ಆಮೇಲೆ ಕೇಳಿದ್ದು. ಅದೊಂದಕ್ಕೇ ಪೂರ್ತಿ ಮಾರ್ಕ್ಸು. ಫೋಟೊ ಬೇಡ, ಶಾಲೆಗೆ ಬರ್ಬೇಡಿ ಅಂತ ಕೇಳ್ಕೊಂಡೆ, ಬರ್ಕೊಂಡ್ರು. ವಾರದ ದಿನ, ಜನ ಕಮ್ಮಿ ಇರೋ ಹೊತ್ತಲ್ಲಿ ಇಬ್ರು ಬಂದು ಮಾತಾಡಿ ಹೋಗಿದಾರೆ, ಯಜಮಾನ್ರಿಗೆ ನೋಟೀಸ್ ಆಗಿದೆ, ಹುಡ್ಗನ್ನ ಬಿಡಿಸಿದಾರೆ, ಅಕ್ಕನ ಮಗ ಅನ್ನೋದು ಕಾಗದ ಕೇಳಿದ್ ತಕ್ಷಣ ಬಿದ್ದು ಹೋಯ್ತು. ಮಿಷನ್ ವಾತ್ಸಲ್ಯ ಅನ್ನೋ ಸರ್ಕಾರಿ ಮಕ್ಕಳ ರಕ್ಷಣೆ ಯೋಜನೇಲಿ ಇಂತ ಮನೆ ಮಕ್ಕಳಿಗೆ ತಿಂಗಳಿಗೆ ನಾಲ್ಕು ಸಾವಿರ ಪ್ರಾಯೋಜಕತ್ವ ಇದೆ, ಅಪ್ಪನ ಆಸ್ಪತ್ರೆ ಕಾಗದ, ಆದಾಯ ಪ್ರಮಾಣಪತ್ರ ಎಲ್ಲಾ ಜೋಡಿಸಿ ಅರ್ಜಿ ಹಾಕಿದೀವಿ. ಅದು ಬರೋವರ್ಗೂ ಅವರಮ್ಮ ಐದನೇ ಮನೆ ಹಿಡಿದಿದಾರೆ. ಖುಷಿ ಪಡೋ ಅಂಥದ್ದೇನಲ್ಲ ಅದು.

ಹುಡ್ಗ ಶಾಲೆಗೆ ಬರ್ತಿದಾನೆ. ಮಂಕಾಗಿದಾನೆ, ಸುಳ್ಳು ಹೇಳಲ್ಲ. ಮೊದ್ಲು ಒಂಬತ್ತು ಗಂಟೆವರ್ಗಾದ್ರೂ ಯಜಮಾನ ಆಗಿದ್ದ, ಈಗ ಇಡೀ ದಿನ ಕೊನೇ ಬೆಂಚು. ಸಪ್ಲೈಯರ್ ಅಂತ ಅಂದೋನನ್ನ ಕರ್ದು ಬೈಯೋಕೆ ಹೋಗ್ಲಿಲ್ಲ, ಬೈದ್ರೆ ಮತ್ತೆ ಅದೇ ಮಾತು ನೆನಪಾಗುತ್ತೆ. ಕಳೆಯೋ ಲೆಕ್ಕ ಈಗ ಎಲ್ರಿಗೂ ಬಾಯಲ್ಲಿ ಮೊದ್ಲು, ಬೋರ್ಡಲ್ಲಿ ಆಮೇಲೆ ಮಾಡಿಸ್ತೀನಿ, ಇನ್ನೂರ ಐವತ್ತೊಂಬತ್ತಕ್ಕೆ ಒಂದು ಸೇರಿಸಿ ಅರವತ್ತು ಮಾಡು, ನಲ್ವತ್ತು ಸೇರಿಸಿ ಮುನ್ನೂರು ಮಾಡು, ಮೇಲೆ ಇನ್ನೂರು, ಅಂಗಡಿಯೋರು ಚಿಲ್ರೆ ಎಣಿಸೋ ಹಂಗೆ. ಯಾರಿಂದ ಕಲ್ತೆ ಅಂತ ಹೇಳಿಲ್ಲ.

ಮೊನ್ನೆ ಭಾನುವಾರ ಮತ್ತೆ ಆ ಹೋಟ್ಲಿಗೆ ಹೋಗಿದ್ದೆ, ರಿವ್ಯೂ ಅಂದ್ಮೇಲೆ ಎರಡು ಸಲ ತಿನ್ನದೆ ಬರೀಬಾರ್ದು ಅಂತ. ದೋಸೆ ಅದೇ ರುಚಿ, ಕಾಕಾ ಕೈ ನಡುಗೋ ತನಕ ಆ ರುಚಿಗೆ ಮೋಸ ಇಲ್ಲ. ಪಲ್ಯಕ್ಕೆ ಉಪ್ಪು ಒಂಚೂರು ಮುಂದಿತ್ತು. ಈಗ ಟೇಬಲ್ ನೋಡ್ಕೊಳೋದು ಇಪ್ಪತ್ತು ದಾಟಿದ ಒಬ್ರು, ಚೀಟಿಲಿ ಬರ್ಕೊತಾರೆ, ಒಂದು ಖಾಲಿ ಹೇಳಿದ್ರೆ ಓಪನ್ ಬರುತ್ತೆ, ಬಿಲ್ಲಿಗೆ ಯಜಮಾನ್ರು ಕ್ಯಾಲ್ಕುಲೇಟರ್ ಒತ್ತುತಾರೆ, ಟೇಬಲ್ ಅಂಟಂಟು. ಯಜಮಾನ್ರು ನನ್ನ ಮುಖ ನೋಡಿ ಮಾತಾಡ್ಸಲಿಲ್ಲ, ಚಟ್ನಿ ಮಾತ್ರ ಎರಡನೇ ಸಲ ಕೇಳಿದ್ರೂ ಬಂತು. ಕಾಕಾ ಹಂಚಿನಿಂದ ತಲೆ ಎತ್ತಿ "ಹುಡ್ಗ ಹೆಂಗಿದಾನೆ ಮೇಷ್ಟ್ರೆ" ಅಂದ್ರು, ಹೆಸ್ರು ಹಿಡ್ದು ಕೇಳಿದ್ರು, ಎಲ್ಲಿಂದ ತಿಳ್ಕೊಂಡ್ರೋ. ಬರ್ತಿದಾನೆ ಅಂದೆ. ಒಂದು ದೋಸೆ ಜಾಸ್ತಿ ಕಟ್ಟಿ ಕೊಟ್ರು, ದುಡ್ಡು ಬೇಡ ಅಂದ್ರು, ನಾನು ಕೊಟ್ಟು ಬಂದೆ.

ದೋಸೆಗೆ ನಾಲ್ಕೂವರೆ. ಚಟ್ನಿಗೆ ನಾಲ್ಕು. ಟೀ ಸುಮಾರು, ಎರಡೂವರೆ. ಸರ್ವೀಸ್ ಜಾಗ ಖಾಲಿ ಬಿಟ್ಟಿದೀನಿ. ಪಾರ್ಕಿಂಗ್ ಇಲ್ಲ, ಬೈಕಾದ್ರೆ ಎದ್ರುಗಡೆ ಬೇವಿನ ಮರದ ಕೆಳಗೆ ಹಾಕ್ಬಹುದು. ಒಂಬತ್ತೂವರೆ ಮೇಲೆ ಹೋದ್ರೆ ಬೆಣ್ಣೆ ಮುಗ್ದಿರುತ್ತೆ.